ಮೋತರ್ ಎಂದರೆ ತಾಯಿಯಲ್ಲ

ಪ್ರಶ್ನೆ: ನನ್ನ ಮಗಳು ಜರ್ಮನಿಯಲ್ಲಿ ನರ್ಸ್. ಅವಳ ಜೊತೆ ಕೆಲಸ ಮಾಡುವ ಹುಡುಗಿ ಕೊಸೊವೊದವಳು, ಆದರೆ ಮನೆಮಾತು ಅಲ್ಬೇನಿಯನ್ ಅಂತೆ. ಅಲ್ಬೇನಿಯಾ ಬೇರೆಯೇ ದೇಶವಲ್ಲವೇ? ಈ ಭಾಷೆ ರಷ್ಯನ್ನಿಗೆ ಹತ್ತಿರದ್ದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಾನು ಕಾಸರಗೋಡಿನವನು. ‘ಕೇರಳದವರಾಗಿಯೂ ಎಷ್ಟು ಚೆನ್ನಾಗಿ ಕನ್ನಡ ಮಾತನಾಡುತ್ತೀರಿ!’ ಎಂದು ಬೆಂಗಳೂರಿನಲ್ಲಿ ಈಗಲೂ ಹೊಗಳಿಸಿಕೊಳ್ಳುತ್ತೇನೆ. ಹಾಗಾಗಿ ಆ ಹುಡುಗಿಯ ಪಾಡು ನನಗೆ ಗೊತ್ತು. ನಮ್ಮ ಗೆರೆ 1956ರದ್ದು, ಅವರದ್ದು 1913ರದ್ದು. ಆ ವರ್ಷ ದೊಡ್ಡ ದೇಶಗಳ ರಾಯಭಾರಿಗಳು ಲಂಡನ್ನಿನಲ್ಲಿ ಕುಳಿತು ಹೊಸ ಅಲ್ಬೇನಿಯಾಕ್ಕೆ ಗಡಿ ಗೊತ್ತುಮಾಡಿದರು. ಆ ಭಾಷೆಯವರಲ್ಲಿ ದೊಡ್ಡ ಪಾಲು ಹೊರಗೇ ಉಳಿಯಿತು. ಕೊಸೊವೊದಲ್ಲಿ ಬಹುಪಾಲು ಜನರ ಮಾತು ಅದೇ. ಉತ್ತರ ಮ್ಯಾಸಿಡೋನಿಯದ ಪಶ್ಚಿಮ ಭಾಗ, ಮಾಂಟೆನೆಗ್ರೋದ ಉಲ್ಸಿನ್, ಸರ್ಬಿಯಾದ ದಕ್ಷಿಣದ ಅಂಚಿನಲ್ಲೂ ಉಂಟು. ತುರ್ಕರ ದಂಡಿಗೆ ಹೆದರಿ 15ನೇ ಶತಮಾನದಲ್ಲಿ ಕಡಲು ದಾಟಿದವರ ಸಂತತಿ ಇಟಲಿಯ ಕಲಾಬ್ರಿಯಾ, ಸಿಸಿಲಿಗಳಲ್ಲಿ ಅದರ ಹಳೆಯ ರೂಪವೊಂದನ್ನು ಇನ್ನೂ ಆಡುತ್ತದೆ.

ರಷ್ಯನ್ನಿಗೆ ಹತ್ತಿರವೇನಲ್ಲ. ಇಂಡೋ-ಯುರೋಪಿಯನ್ ಮರದಲ್ಲಿ ಇದೊಂದು ಒಂಟಿ ಕೊಂಬೆ. ಶ್ಕುಂಬಿನ್ ನದಿಯ ಉತ್ತರಕ್ಕೆ ಗೆಗ್, ದಕ್ಷಿಣಕ್ಕೆ ತೋಸ್ಕ್ ಎಂಬ ಉಪಭಾಷೆಗಳು. 1972ರಲ್ಲಿ ಪಕ್ಕಾಗೊಂಡ ಬರವಣಿಗೆಯ ಭಾಷೆ ಹೆಚ್ಚಾಗಿ ತೋಸ್ಕನ್ನೇ ಹಿಡಿಯಿತು. ಕೊಸೊವೊದವರ ಮನೆಮಾತು ಗೆಗ್. ಮನೆಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು. ಶಾಲೆಯಲ್ಲಿ ‘ಉಂಟು’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡವನು ನಾನು, ಇದಕ್ಕಿಂತ ಹೆಚ್ಚು ಹೇಳಿದರೆ ಪಕ್ಷಪಾತವಾದೀತು.

ಪದಗಳಿಗೆ ಬರೋಣ. ಅವರಿಗೆ ಜೇಬು ‘ಜೆಪ್’, ಸಕ್ಕರೆ ‘ಶೆಚೆರ್’, ಲೆಕ್ಕಾಚಾರ, ಅಂದರೆ ಹಿಸಾಬು, ‘ಹೆಸಾಪ್’. ಅವರಿಗೆ ತುರ್ಕಿಯಿಂದ ಬಂದ ಜೆಪ್, ಹೆಸಾಪ್‌ಗಳು ನಮಗೆ ಪಾರಸಿ, ಉರ್ದು ದಾರಿಯಲ್ಲಿ ಬಂದವು. ಸಕ್ಕರೆ ಮಾತ್ರ ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದದ್ದು, ಸಂಸ್ಕೃತದ ಶರ್ಕರಾ. ನನಗೆ ತುಂಬ ಹಿಡಿಸಿದ್ದು ‘ಮೋತರ್’. ಮಾತೃ, ಮದರ್‌ಗಳ ಬೇರಿನದೇ ಪದ, ಆದರೆ ಅರ್ಥ ಅಕ್ಕ ಅಥವಾ ತಂಗಿ! ತಾಯಿಗೆ ಅವರು ‘ನೆನೆ’ ಎನ್ನುತ್ತಾರೆ. 1910ರಲ್ಲಿ ಸ್ಕೋಪ್ಯೆಯ ಅಲ್ಬೇನಿಯನ್ ಕುಟುಂಬದಲ್ಲಿ ಹುಟ್ಟಿದ ಮದರ್ ತೆರೇಸಾ ಅವರಿಗೆ ‘ನೆನೆ ತೆರೇಜಾ’. ಟಿರಾನಾ ವಿಮಾನ ನಿಲ್ದಾಣಕ್ಕೂ ಅದೇ ಹೆಸರು.

ಇನ್ನೊಂದು. ಕೊಸೊವೊದಲ್ಲಿ ನರ್ಸಿಗೆ ‘ಮೋತರ್ ಮೆದಿತ್ಸಿನಾಲೆ’ ಎನ್ನುವುದುಂಟು. ನಮ್ಮ ಆಸ್ಪತ್ರೆಗಳಲ್ಲಿ ‘ಸಿಸ್ಟರ್’ ಎಂದು ಕೂಗುವುದಿಲ್ಲವೇ, ಹಾಗೆ. ನಿಮ್ಮ ಮಗಳು ನಾಳೆ ಆ ಹುಡುಗಿಯನ್ನು ‘ಮೋತರ್’ ಎಂದು ಕರೆದು ನೋಡಲಿ, ಏನಾಯಿತೆಂದು ನನಗೂ ಬರೆಯಿರಿ.