ನಿಮ್ಮ ಪ್ರಬಂಧ ಮೂರನೇ ಪುಟದಿಂದ ಶುರುವಾಗಲಿ

ನಮಸ್ಕಾರ,

ಅಮೆರಿಕದ ಒಹಾಯೋದ ಕಾಡಿನ ವಸಂತದ ಬಗ್ಗೆ ನೀವು ಕಳಿಸಿದ ಪ್ರಬಂಧ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟಗಳಲ್ಲಿ ಮಾವಿನ ಚಿಗುರಿದೆ, ಕೋಗಿಲೆ ಇದೆ, 'ಪ್ರಕೃತಿ ಮಾತೆ' ಮತ್ತೆ ಮತ್ತೆ ಬರುತ್ತಾಳೆ. ನೀವು ನಿಂತಿದ್ದ ಕಾಡಿನಲ್ಲಿ ಮಾವೂ ಇಲ್ಲ, ಕೋಗಿಲೆಯೂ ಇಲ್ಲ, ಅಲ್ವಾ? ಅಲ್ಲಿ ಏಪ್ರಿಲ್ ಶುರುವಿನಲ್ಲಿ ಮರಗಳಿನ್ನೂ ಬೋಳು. ಕಾಡಿನ ನೆಲದ ಪುಟ್ಟ ಹೂಗಿಡಗಳು ಆಗಲೇ ಅರಳುವುದೂ ಅದಕ್ಕೇ. ಮೇಪಲ್, ಬೀಚ್ ಮರಗಳು ಎಲೆ ಬಿಟ್ಟು ನೆರಳು ಕವಿಯುವ ಮೊದಲು ನೆಲಕ್ಕೆ ಬಿಸಿಲು ಸಿಗುವುದು ಕೆಲವೇ ವಾರ, ಅಷ್ಟರಲ್ಲಿ ಆ ಪುಟ್ಟ ಗಿಡಗಳು ಚಿಗುರಿ, ಹೂ ಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಗೆಡ್ಡೆಯಲ್ಲಿ ಕೂಡಿಟ್ಟು ಒಣಗಿ ಹೋಗಬೇಕು. ಈ ಅವಸರ ನಿಮ್ಮ ಬರಹದಲ್ಲಿ ಎಲ್ಲೂ ಕಾಣಲಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲಿದೆ: 'ಸೂಜಿಯಂಥ ಮೂತಿಯ ಜೇನೊಂದು ಗಾಳಿಯಲ್ಲೇ ನಿಂತು ಹೂವಿನ ರಸ ಹೀರಿತು, ಆಮೇಲೆ ನೆಲದ ಹತ್ತಿರ ಏನನ್ನೋ ಹುಡುಕಿತು.' ನನಗೆ ಬೇಕಾದದ್ದು ಇದು! ನೀವೇ ಕಂಡದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ.

ಆದರೆ ಅದು ಜೇನಲ್ಲ, ನೊಣ. ಬೀ ಫ್ಲೈ ಅನ್ನುತ್ತಾರೆ. ಮೈತುಂಬ ಕಂದು ರೋಮ ಇರುವುದರಿಂದ ಯಾರಿಗಾದರೂ ಜೇನು ಅನ್ನಿಸುತ್ತದೆ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿ, ರೆಕ್ಕೆ 2 ಮಾತ್ರ, ಮುಂದಿನ ಅಂಚು ಕಪ್ಪು. ಜೇನಿಗಾದರೆ 4 ರೆಕ್ಕೆ. ಅದು ನೆಲದಲ್ಲಿ ಹುಡುಕುತ್ತಿದ್ದದ್ದು ಒಂಟಿಯಾಗಿ ಮಣ್ಣಲ್ಲಿ ಗೂಡು ತೋಡುವ ಜೇನುಗಳ ಬಿಲವನ್ನು. ಹೆಣ್ಣು ನೊಣ ಬಿಲದ ಬಾಯಿಯ ಕಡೆಗೆ ಹಾರುತ್ತಲೇ ಮೊಟ್ಟೆ ಚಿಮ್ಮಿಸುತ್ತದೆ. ಮೊಟ್ಟೆಯೊಡೆದ ಮರಿ ಒಳಗೆ ತೆವಳಿ ಹೋಗಿ ಜೇನಿನ ಮರಿಯನ್ನು ತಿಂದು ಬೆಳೆಯುತ್ತದೆ.

ಇನ್ನು ಆ ಹೂವು. ಬಿಳಿ ಎಸಳಿನ ಮೇಲೆ ಗುಲಾಬಿ ಗೆರೆ ಅಂತ ಬರೆದಿದ್ದೀರಿ. ಅದು ಸ್ಪ್ರಿಂಗ್ ಬ್ಯೂಟಿ. ಅದರ ಪರಾಗವೂ ಗುಲಾಬಿ. ಆಂಡ್ರೀನಾ ಎಂಬ ನೆಲದ ಜೇನುಗಳಲ್ಲಿ ಒಂದು ಜಾತಿ ತನ್ನ ಮರಿಗಳಿಗೆ ಈ ಹೂವಿನ ಪರಾಗವನ್ನೇ ಕೂಡಿಡುತ್ತದೆ, ಹಿಂಗಾಲಿನ ತುಂಬ ಗುಲಾಬಿ ಪುಡಿ ಮೆತ್ತಿಕೊಂಡು ಬಿಲಕ್ಕೆ ಇಳಿಯುತ್ತದೆ. ಅಂದರೆ ಈ ಹೂವು ಆ ಜೇನಿಗೂ ಊಟ ಕೊಡುತ್ತದೆ, ಜೇನಿನ ಗೂಡು ಹಾಳು ಮಾಡುವ ನೊಣಕ್ಕೂ ಕೊಡುತ್ತದೆ. ಇಷ್ಟೆಲ್ಲ ಒಂದು ಮೊಳ ಜಾಗದಲ್ಲಿ ನಡೆಯುತ್ತಿರುವಾಗ ನೀವು ಒಂದೇ ಸಾಲು ಬರೆದು ಸೂರ್ಯಾಸ್ತದ ಕಡೆ ಹೊರಟುಬಿಟ್ಟಿರಿ. ನನಗೆ ನಿಜಕ್ಕೂ ಬೇಜಾರಾಯಿತು.

'ಮೋಡ ಕವಿದ ಸಂಜೆ ಹೂಗಳು ಅರಳಿ ನಗುತ್ತಿದ್ದವು' ಅಂದಿದ್ದೀರಿ. ಸ್ಪ್ರಿಂಗ್ ಬ್ಯೂಟಿ ಮೋಡವಿದ್ದರೆ ಮುಚ್ಚಿಕೊಳ್ಳುತ್ತದೆ, ರಾತ್ರಿಯೂ ಅಷ್ಟೆ. ಸುಮ್ನೆ ಚೆಂದಕ್ಕೆ ಸೇರಿಸಿದ್ದಾದರೆ ತೆಗೆದುಹಾಕಿ.

ಟ್ರಿಲಿಯಂ ಎಂಬ ಕಾಡುಹೂವನ್ನು ಕಿತ್ತು ಮಗಳ ಜಡೆಗೆ ಮುಡಿಸಿದ ಪ್ರಸಂಗವೂ ಬೇಡ, ಓದಿದವರು ಹಾಗೇ ಮಾಡಿಯಾರು. ಆ ಗಿಡಕ್ಕೆ ಹೂವಿನ ಕೆಳಗಿರುವ ಮೂರೇ ಎಲೆ. ಅವೂ ಕಿತ್ತುಬಂದರೆ ಆ ವರ್ಷ ಅದಕ್ಕೆ ಆಹಾರ ಮಾಡಿಕೊಳ್ಳಲು ಬೇರೆ ದಾರಿಯಿಲ್ಲ. ಬೀಜದಿಂದ ಮೊದಲ ಹೂವಿಗೆ ಹಲವು ವರ್ಷ ಹಿಡಿಯುತ್ತದೆ.

ಬಿಸಿಲಿರುವ ದಿನ ನೋಡಿ ಮತ್ತೊಮ್ಮೆ ಅದೇ ಜಾಗಕ್ಕೆ ಹೋಗಿ ಕೂತುಕೊಳ್ಳಿ. ಕಂಡದ್ದನ್ನಷ್ಟೇ ಬರೆಯಿರಿ, 600 ಪದ ಸಾಕು. ಜೇನು ಬಿಲಕ್ಕೆ ಇಳಿಯುವ ಫೋಟೋ ಸಿಕ್ಕರೆ ಅದನ್ನೂ ಕಳಿಸಿ.