ದೇವಿಯ ಊರಿನಲ್ಲಿ ಅಶೋಕ

ಸುರಪುರದ ಓದುಗರೊಬ್ಬರು ಬರೆದಿದ್ದಾರೆ: “ತಾಯಿಯವರನ್ನು ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಿಯ ದರ್ಶನಕ್ಕೆ ಕರೆದೊಯ್ದಿದ್ದೆ. ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನೂ ನೋಡಿದೆವು. ಒಡೆದ ಕಲ್ಲುಗಳ ಹೊರತು ಏನೂ ತಿಳಿಯಲಿಲ್ಲ. ದೇವಿಗೆ ನಡೆದುಕೊಳ್ಳುವವರು ಅಲ್ಲಿಗೂ ಹೋಗಬೇಕೆ?”

ಖಂಡಿತ ಹೋಗಬೇಕು. ಆದರೆ ಮುಂದಿನ ಸಲ ದರ್ಶನ ಮುಗಿದ ಕೂಡಲೇ ಹೊರಡಬೇಡಿ. ಸ್ತೂಪದ ಕಥೆಯ ಒಂದು ಎಳೆ ದೇವಿಯ ಆವರಣದಲ್ಲೇ ಇದೆ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅದು ಪ್ರಾಕೃತದಲ್ಲಿರುವ ಅಶೋಕನ ಶಾಸನ. ಕಲ್ಲಿನ ಎರಡೂ ಮೈಗೆ ಬರಹ. ಮೂರ್ತಿ ಕೂರಿಸಲು ನಡುವೆ ಕೊರೆದ ಕುಳಿಯಲ್ಲಿ ಒಂದಷ್ಟು ಅಕ್ಷರಗಳು ಹೋಗಿಬಿಟ್ಟಿವೆ. ಉಳಿದುದರಲ್ಲಿ ಅವನ 12ನೆಯ ಶಾಸನದ ಭಾಗವಿದೆ. ತನ್ನ ಪಂಥದ ಮೇಲಿನ ಮೋಹದಿಂದ ಅನ್ಯರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂದು ಸಾರುವ ಶಾಸನವದು. ಅಂಥ ಕಲ್ಲು ಕಾಳಿಯ ಪಾದದಡಿ ಉಳಿದುಕೊಂಡಿತೆಂದು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಅದೇ ಅಶೋಕ ಸ್ತೂಪದ ಕಲ್ಲಿನಲ್ಲೂ ಇದ್ದಾನೆ. ದೇವಿಗೆ ನಡೆದುಕೊಳ್ಳುವವರಿಗೂ ಆ ಸ್ತೂಪಕ್ಕೂ ನಂಟಿದೆ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕನಗನಹಳ್ಳಿಯ ಒಡೆದ ಕಲ್ಲುಗಳು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಉತ್ಖನನ ನಡೆಸಿದ ಈ ಸ್ತೂಪವನ್ನು ಅಲ್ಲಿನ ಶಾಸನಗಳು ‘ಅಧೋಲೋಕ ಮಹಾಚೈತ್ಯ’ ಎನ್ನುತ್ತವೆ. ನೀವು ಕಂಡ ತುಂಡುಗಳಲ್ಲಿ ಬಹಳಷ್ಟು, ಸ್ತೂಪದ ದುಂಡುಮೈಗೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನಂಥದೇ ಸುಣ್ಣಕಲ್ಲು. ಕೆಲವದರಲ್ಲಿ ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳಿವೆ, ಶಾತವಾಹನ ಅರಸರಿದ್ದಾರೆ. ಎಷ್ಟೋ ಕಡೆ ಬುದ್ಧನ ಮೂರ್ತಿಯೇ ಇಲ್ಲ. ಪಾದದ ಗುರುತು, ಬರಿದಾದ ಆಸನ, ಬೋಧಿವೃಕ್ಷ ಕಂಡರೆ ಅಲ್ಲಿ ಬುದ್ಧನಿದ್ದಾನೆಂದೇ ತಿಳಿಯಬೇಕು. ಇದು ಗೊತ್ತಿಲ್ಲದೆ ಹೋದವರಿಗೆ ನಿರಾಸೆಯಾಗುವುದು ಸಹಜ.

ಒಂದು ಚಪ್ಪಡಿಯ ಮುಂದಂತೂ ಸಾವಕಾಶವಾಗಿ ನಿಲ್ಲಿ. ರಾಜ, ಪಕ್ಕದಲ್ಲಿ ರಾಣಿ, ಚಾಮರ ಮತ್ತು ಛತ್ರ ಹಿಡಿದ ಪರಿಚಾರಿಕೆಯರು. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹ. ಅಶೋಕನ ಚಿತ್ರವೆಂದು ಹೆಸರು ಸಮೇತ ಗುರುತಿಸಬಹುದಾದ ಇಂಥ ಕೆತ್ತನೆ ಬಲು ಅಪರೂಪ. ಶಿಲ್ಪಿ ಅವನನ್ನು ಕಣ್ಣಾರೆ ಕಂಡವನಲ್ಲ, ಕೆತ್ತನೆ ಶಾತವಾಹನರ ಕಾಲದ್ದು. ಅಷ್ಟು ಕಾಲದ ಮೇಲೂ ಭೀಮಾ ತೀರದ ಜನ ಅವನನ್ನು ಹೆಸರು ಹಿಡಿದು ನೆನೆದಿದ್ದರು.

ಬಿಸಿಲು ಏರುವ ಮೊದಲೇ ಹೋಗಿ; ಬೆಳಗಿನ ಓರೆ ಬೆಳಕಿನಲ್ಲಿ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಏಪ್ರಿಲ್, ಮೇ ತಿಂಗಳು ಬೇಡ, ನಮ್ಮ ಕಲಬುರಗಿಯ ಬಿಸಿಲನ್ನು ವಯಸ್ಸಾದವರು ತಾಳಲಾರರು. ಚಳಿಗಾಲದಲ್ಲಿ, ಕುಡಿಯುವ ನೀರು ಕಟ್ಟಿಕೊಂಡು, ತಾಯಿಯವರನ್ನೂ ಕರೆದುಕೊಂಡು ಹೋಗಿ. ಜಾತಕ ಕಥೆಗಳನ್ನು ಒಂದೆರಡು ಮೊದಲೇ ಓದಿ ಹೇಳಿದರೆ, ಕಲ್ಲಿನಲ್ಲಿ ಅವನ್ನು ಅವರೇ ಗುರುತಿಸಿ ನಿಮಗೆ ತೋರಿಸಿಯಾರು.

— ಸಂಪಾದಕ