ಇಲಿಗೆ ಒಗ್ಗಿದ್ದು ಮಾವನವರಿಗೂ ಒಗ್ಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯದವು. ಹಾಗಾಗಿ ಒಟ್ಟಿಗೇ ತೆಗೆದುಕೊಂಡಿದ್ದೇನೆ. ನಾನು ಹಾಸನದಲ್ಲಿ ಫಾರ್ಮಸಿ ಮಕ್ಕಳಿಗೆ ಔಷಧಶಾಸ್ತ್ರ ಪಾಠ ಮಾಡುವವಳು, ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಅದು ನೆನಪಿರಲಿ.

ಪ್ರಶ್ನೆ: ಮೇಡಂ, ನಮ್ಮ ಮಾವನವರಿಗೆ 62 ವರ್ಷ. ಎಂಟು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದಾರೆ. ಹೋದ ತಿಂಗಳು ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಅಂದರೆ ಲಿವರ್ ಸ್ಥಿತಿ ತೋರಿಸುವ ಅಂಕಿ, ಸ್ವಲ್ಪ ಜಾಸ್ತಿ ಬಂತು. ನೆಂಟರೊಬ್ಬರು ಒಂದು ಪುಡಿ ಡಬ್ಬ ತಂದುಕೊಟ್ಟಿದ್ದಾರೆ. ಬಿಪಿಗೂ ಲಿವರ್‌ಗೂ ಒಳ್ಳೆಯದು, ಇಲಿಗಳ ಮೇಲೆ ಸಾಬೀತಾಗಿದೆ ಅಂತ ಅದರ ಮೇಲೆ ಬರೆದಿದೆ. ಮಾತ್ರೆಯಿಂದಲೇ ಲಿವರ್ ಕೆಟ್ಟಿದೆ, ಅದನ್ನು ಬಿಟ್ಟು ಇದನ್ನೇ ಕುಡೀತೀನಿ ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ? (ಸಕಲೇಶಪುರದ ಕಡೆಯ ಓದುಗರು)

ಉತ್ತರ: ಮೊದಲು ಮಾತ್ರೆ ನಿಲ್ಲಿಸಬೇಡಿ ಅಂತ ಹೇಳಿ. ಕೆಲವು ಬಿಪಿ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಜಿಗಿಯುತ್ತದೆ. ಎಸ್‌ಜಿಪಿಟಿ ಸ್ವಲ್ಪ ಏರಿದೆ ಅಂದಾಕ್ಷಣ ಮಾತ್ರೆಯದೇ ತಪ್ಪು ಅನ್ನೋಕಾಗಲ್ಲ. ಲಿವರ್‌ನಲ್ಲಿ ಕೊಬ್ಬು ಕೂತಿದ್ದರೂ ಏರುತ್ತದೆ, ಕುಡಿತದಿಂದಲೂ ಏರುತ್ತದೆ, ಕಾಮಾಲೆ ವೈರಸ್‌ನಿಂದಲೂ ಏರುತ್ತದೆ. ಯಾವುದು ಅಂತ ಪತ್ತೆ ಹಚ್ಚುವುದು ನಿಮ್ಮ ಡಾಕ್ಟರ ಕೆಲಸ.

ಈಗ ಆ "ಇಲಿಗಳ ಮೇಲೆ ಸಾಬೀತು" ಅನ್ನುವ ಮಾತು. ಅದು ಸುಳ್ಳೇ ಇರಬೇಕು ಅಂತೇನಿಲ್ಲ. ಆದರೆ ಆ ಪ್ರಯೋಗ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಮಾವನವರೇ ಯೋಚನೆ ಮಾಡುತ್ತಾರೆ. ಆರೋಗ್ಯವಾಗಿರುವ ಬಿಳಿ ಇಲಿಗಳನ್ನು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಒಂದು ವಾರವೋ ಹತ್ತು ದಿನವೋ ಗಿಡದ ಸತ್ವ ಕುಡಿಸುತ್ತಾರೆ. ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನುವ ವಿಷವನ್ನು ಎಣ್ಣೆಯಲ್ಲಿ ಬೆರೆಸಿ ಕೊಡುತ್ತಾರೆ. ಮಾರನೇ ದಿನ ರಕ್ತ ತೆಗೆದು ಎಸ್‌ಜಿಪಿಟಿ ನೋಡುತ್ತಾರೆ, ಲಿವರ್ ಹೊರಗೆ ತೆಗೆದು ಪರೀಕ್ಷೆ ಮಾಡುತ್ತಾರೆ. ನಾನು ಎಷ್ಟೋ ಸಲ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಳ್ಳೆಯ ಲಿವರ್ ಕಡುಗೆಂಪು, ನುಣುಪು, ಬೆರಳಿಗೆ ಮೆತ್ತಗೆ. ವಿಷ ಬಿದ್ದದ್ದು ಹಳದಿಗೆ ತಿರುಗಿ, ಮೇಲೆಲ್ಲಾ ಚುಕ್ಕೆ ಚುಕ್ಕೆ. ಸತ್ವ ಕುಡಿದ ಇಲಿಯ ಲಿವರ್ ಇವೆರಡರ ನಡುವೆ ಇದ್ದರೆ, ಗಿಡದಲ್ಲಿ ಏನೋ ಇದೆ ಅಂತ ಬರೆಯುತ್ತಾರೆ.

ಗಮನಿಸಿದಿರಾ, ಇಲ್ಲಿ ಔಷಧಿ ಮೊದಲು, ವಿಷ ಆಮೇಲೆ. ಮಾವನವರದ್ದು ತಿರುಗುಮುರುಗು, ಲಿವರ್‌ಗೆ ತೊಂದರೆಯಾದ ಮೇಲೆ ಪುಡಿ ಬಂದಿದೆ. ಇನ್ನೊಂದು ಸೂಕ್ಷ್ಮವೂ ಇದೆ, ನಮ್ಮ ವಿದ್ಯಾರ್ಥಿಗಳೇ ಎಷ್ಟೋ ಸಲ ಇದನ್ನು ಮರೆಯುತ್ತಾರೆ. ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ಕೆಡುಕು ಮಾಡುವುದಿಲ್ಲ, ಲಿವರ್‌ನ ಒಂದು ಕಿಣ್ವ ಅದನ್ನು ಮುರಿದಾಗಲೇ ನಿಜವಾದ ವಿಷ ಹುಟ್ಟುತ್ತದೆ. ಗಿಡದ ಸತ್ವ ಆ ಕಿಣ್ವವನ್ನು ಸುಮ್ಮನೆ ತಡೆದು ಕೂರಿಸಿದರೂ ಸಾಕು, ವಿಷ ಹುಟ್ಟುವುದಿಲ್ಲ, ಇಲಿ ಉಳಿಯುತ್ತದೆ. ಅಂದರೆ ಲಿವರ್ ವಾಸಿ ಮಾಡುವ ಗುಣ ಅದಕ್ಕಿದೆ ಅಂತ ಆಗಲಿಲ್ಲ, ಅಲ್ವಾ? ಜೊತೆಗೆ ನಮ್ಮ ಬಿಪಿ ಮಾತ್ರೆಗಳಲ್ಲಿ ಅನೇಕ ಹಾದುಹೋಗುವುದು ಇದೇ ಲಿವರ್‌ನ ಕಿಣ್ವಗಳ ಕೈಯಲ್ಲಿ. ಅಮ್ಲೋಡಿಪಿನ್ ಅಲ್ಲಿ ಕರಗುತ್ತದೆ, ಲೋಸಾರ್ಟಾನ್ ಅಲ್ಲೇ ಹೆಚ್ಚು ಬಲ ಪಡೆಯುತ್ತದೆ. ಪುಡಿಯೊಂದು ಆ ಕಿಣ್ವಗಳನ್ನು ತಡೆದರೆ ಒಂದು ಮಾತ್ರೆ ರಕ್ತದಲ್ಲಿ ಜಾಸ್ತಿ ಉಳಿಯಬಹುದು, ಇನ್ನೊಂದು ಕೆಲಸವೇ ಕಡಿಮೆ ಮಾಡಬಹುದು.

ಅಳತೆಯೂ ನೋಡಿ. ಇಲಿಗೆ ಕೆಜಿಗೆ 400 ಮಿಲಿಗ್ರಾಂ ಕೊಟ್ಟರು ಅಂತ ಇಟ್ಟುಕೊಳ್ಳಿ. ಮನುಷ್ಯರಿಗೆ ಲೆಕ್ಕ ಹಾಕುವಾಗ ಅದನ್ನು ಸುಮಾರು 6.2ರಿಂದ ಭಾಗಿಸುತ್ತೇವೆ. 60 ಕೆಜಿ ತೂಕದವರಿಗೆ ಹತ್ತಿರಹತ್ತಿರ 4 ಗ್ರಾಂ ಆಯಿತು. ಅದು ಪುಡಿಯಲ್ಲ, ಸತ್ವ. ಹತ್ತು ಪಾಲು ಒಣಗಿದ ಗಿಡಕ್ಕೆ ಒಂದು ಪಾಲು ಸತ್ವ ಸಿಕ್ಕರೂ ದಿನಕ್ಕೆ 40 ಗ್ರಾಂ ಪುಡಿ ತಿನ್ನಬೇಕು. ಡಬ್ಬದ ಮೇಲೆ ಒಂದು ಚಮಚ ಅಂತ ಬರೆದಿದ್ದರೆ ಆ ಇಲಿಗಳಿಗೂ ಈ ಚಮಚಕ್ಕೂ ಸಂಬಂಧವೇ ಇಲ್ಲ.

ಕಾಮಾಲೆಗೆ ನಮ್ಮ ಕಡೆ ಎಲ್ಲರೂ ಕೊಡುವ ನೆಲನೆಲ್ಲಿಯ ಕಥೆ ಕೇಳಿ. 1988ರಲ್ಲಿ ಚೆನ್ನೈನ ಸಂಶೋಧಕರು ಅದರ ಪುಡಿಯಿಂದ ಹೆಪಟೈಟಿಸ್ ಬಿ ಹೊತ್ತವರಲ್ಲಿ ಅನೇಕರಿಗೆ ವೈರಸ್ ಹೋಯಿತು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಎಷ್ಟು ಆಸೆ ಹುಟ್ಟಿತ್ತು! ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಅದೂ ಮನುಷ್ಯರ ಮೇಲೆ ನಡೆದ ಪ್ರಯೋಗ. ಇನ್ನು ಇಲಿಯ ಮೇಲಿನದ್ದನ್ನು ನಂಬಿ ಬಿಪಿ ಮಾತ್ರೆ ಬಿಡುವುದು ಹೇಗೆ?

ಪುಡಿಯನ್ನು ಸದ್ಯಕ್ಕೆ ತೆಗೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಟಿಯ ಜೊತೆ ಡಬ್ಬವನ್ನೂ ತೆಗೆದುಕೊಂಡು ಹೋಗಿ. ಬೈತಾರೆ ಅಂತ ಮುಚ್ಚಿಡಬೇಡಿ. ಗಿಡಮೂಲಿಕೆಯಿಂದಲೂ ಲಿವರ್ ಊದಿಕೊಂಡವರಿದ್ದಾರೆ, ಡಾಕ್ಟರಿಗೆ ಗೊತ್ತಾಗದಿದ್ದರೆ ಕಾರಣ ಹುಡುಕುತ್ತಲೇ ತಿಂಗಳುಗಳು ಕಳೆಯುತ್ತವೆ.

ಪ್ರಶ್ನೆ: ಇಲಿಗೆ ಬಿಪಿ ಹೇಗೆ ನೋಡ್ತೀರಿ ಮೇಡಂ? ಅವುಗಳನ್ನು ಸಾಯಿಸೋದು ನೋಡಿ ನನಗೆ ಈ ಓದೇ ಬೇಡ ಅನ್ನಿಸಿದೆ. (ಬಿ.ಫಾರ್ಮ್ ವಿದ್ಯಾರ್ಥಿನಿ, ಕಡೂರು)

ಉತ್ತರ: ಬಾಲದಿಂದ ನೋಡುತ್ತೇವೆ ಮಗಳೇ. ಇಲಿಯನ್ನು ಸಣ್ಣ ಕೊಳವೆಯಂಥ ಗೂಡಿಗೆ ಬಿಡುತ್ತೇವೆ, ಬಾಲ ಮಾತ್ರ ಹೊರಗೆ. ಬಾಲವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬುಡಕ್ಕೆ ಉಂಗುರದಂಥ ಪಟ್ಟಿ ಹಾಕಿ ಗಾಳಿ ತುಂಬುತ್ತೇವೆ. ನಮ್ಮ ತೋಳಿಗೆ ಹಾಕುವುದರದ್ದೇ ಪುಟ್ಟ ರೂಪ. ಮೊದಲ ದಿನದ ಅಂಕಿ ಬರೆದುಕೊಳ್ಳುವ ಹಾಗಿಲ್ಲ, ಹೆದರಿಕೆಗೇ ಬಿಪಿ ಏರಿರುತ್ತದೆ. ಹಲವು ದಿನ ಅದೇ ಗೂಡು, ಅದೇ ಕೈ ರೂಢಿ ಮಾಡಿಸಬೇಕು. ಹೆದರಿದ ಇಲಿಯಿಂದ ಬಂದ ಅಂಕಿ ನಂಬುವಂಥದ್ದಲ್ಲ, ಆದ್ದರಿಂದ ಮೆತ್ತಗೆ ಹಿಡಿಯುವುದೂ ಈ ಕೆಲಸದ ಭಾಗವೇ.

ವಂಶಗುಣದಿಂದಲೇ ಬಿಪಿ ಏರುವ ಇಲಿ ತಳಿಯೂ ಇದೆ. 1963ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಕಮೊಟೊ ಮತ್ತು ಅಓಕಿ ಅದನ್ನು ಬೆಳೆಸಿದ್ದನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ, 1934ರಲ್ಲಿ, ಅಮೆರಿಕದ ವೈದ್ಯ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ರಕ್ತನಾಳವನ್ನು ಬಿಗಿದು ಬಿಪಿ ಏರುವುದನ್ನು ತೋರಿಸಿದ್ದರು. ಆ ದಾರಿಯಲ್ಲೇ ಮುಂದೆ ಹೋಗಿ, ಬ್ರೆಜಿಲ್‌ನ ಒಂದು ಹಾವಿನ ವಿಷದ ಸುಳಿವೂ ಸೇರಿ, 1981ರಲ್ಲಿ ಕ್ಯಾಪ್ಟೋಪ್ರಿಲ್ ಅನ್ನುವ ಬಿಪಿ ಮಾತ್ರೆ ಬಂತು. ಈಗ ಎಷ್ಟೋ ಮನೆಗಳಲ್ಲಿರುವ ಎನಲಾಪ್ರಿಲ್, ರಾಮಿಪ್ರಿಲ್ ಅದರ ತಂಗಿಯರು. ಆ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುವುದು ಮಾತ್ರ ಜನ ನುಂಗಲು ಶುರು ಮಾಡಿದ ಮೇಲೇ ತಿಳಿದದ್ದು.

ನಿನ್ನ ಸಂಕಟ ಸರಿಯಾದದ್ದೇ. ಸುಮ್ನೆ ಮನಸ್ಸು ಗಟ್ಟಿ ಮಾಡ್ಕೋ ಅಂತ ನಾನು ಹೇಳುವುದಿಲ್ಲ. ಪ್ರಾಣಿ ಬಳಸುವ ಪ್ರಯೋಗಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಆ ಸಮಿತಿಯಲ್ಲಿ ಸರ್ಕಾರದ ಕಡೆಯವರೂ ಇರುತ್ತಾರೆ. ಬ್ರಿಟನ್ನಿನ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಮೂರು ಮಾತು ಹೇಳಿದ್ದಾರೆ: ಬೇರೆ ದಾರಿಯಿದ್ದರೆ ಪ್ರಾಣಿ ಬೇಡ, ಬೇಕೇ ಆದರೆ ಕಡಿಮೆ ಸಂಖ್ಯೆ, ನೋವು ಆದಷ್ಟು ಕಡಿಮೆ. ಈಗಾಗಲೇ ಹತ್ತಾರು ಸಲ ನೋಡಿರುವ ಗಿಡವನ್ನು, ಪ್ರಾಜೆಕ್ಟ್ ಮುಗಿಸುವುದಕ್ಕೋಸ್ಕರ ಮತ್ತೆ ಮೂವತ್ತು ಇಲಿಗಳ ಮೇಲೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ನಿನಗೆ ಅಂಥ ವಿಷಯ ಕೊಟ್ಟರೆ ಇದರಿಂದ ಹೊಸದಾಗಿ ಏನು ತಿಳಿಯುತ್ತೆ ಅಂತ ಗೈಡ್ ಹತ್ತಿರ ಧೈರ್ಯವಾಗಿ ಕೇಳು. ಓದು ಬಿಡಬೇಡ. ಈ ಪ್ರಶ್ನೆ ಕೇಳುವವರು ಪ್ರಯೋಗಶಾಲೆಯಲ್ಲೇ ಇರಬೇಕು.

ಪ್ರಶ್ನೆ: ತೋಟದ ಬೇಲಿಯಲ್ಲಿ ಸರ್ಪಗಂಧ ಇದೆ. ಬಿಪಿಗೆ ಬೇರು ಅರೆದು ಕುಡಿಯಬಹುದಾ? (ಮೂಡಿಗೆರೆ)

ಉತ್ತರ: ಬೇಡ. ಅದರಿಂದ ಬಿಪಿ ಇಳಿಯುವುದು ನಿಜ, ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲೇ ರೋಗಿಗಳ ಲೆಕ್ಕ ಇಟ್ಟು ಬರೆದಿದ್ದಾರೆ. ಆದರೆ ಅದರಲ್ಲಿರುವ ರೆಸರ್ಪಿನ್ ಒಂದು ಮಿಲಿಗ್ರಾಂನ ಕಾಲುಭಾಗ ಇದ್ದರೂ ಕೆಲಸ ಮಾಡುತ್ತದೆ. ಒಂದು ಬೇರಿನಲ್ಲಿ ಇದ್ದಷ್ಟೇ ಇನ್ನೊಂದರಲ್ಲಿ ಇರುವುದಿಲ್ಲ, ಅರೆಯುವ ಕಲ್ಲಿನ ಮೇಲೆ ಅದನ್ನು ಅಳೆಯುವುದು ಆಗದ ಕೆಲಸ. ಜಾಸ್ತಿ ಆದರೆ ಮನಸ್ಸು ಕುಗ್ಗುತ್ತದೆ, ಮಂಕು ಕವಿಯುತ್ತದೆ. ರೆಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋಲುಬಿಟ್ಟು ಅಲುಗಾಡದೆ ಬಿದ್ದಿದ್ದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವಕ್ಕೆ ಎಲ್-ಡೋಪಾ ಕೊಟ್ಟು ಮತ್ತೆ ಎಬ್ಬಿಸಿದರು. ಪಾರ್ಕಿನ್ಸನ್ ರೋಗಕ್ಕೆ ಈಗಲೂ ಕೊಡುವುದು ಆ ಎಲ್-ಡೋಪಾವನ್ನೇ.

ಗಿಡ ಕೀಳಬೇಡಿ. ಕಾಡಿನಲ್ಲಿ ಅದು ಕಡಿಮೆಯಾಗುತ್ತಿದೆ, ನಿಮ್ಮ ಬೇಲಿಯಲ್ಲಾದರೂ ಇರಲಿ.